ದೂರ ಜಾಸ್ತಿ, ಹೊತ್ತು ಕಮ್ಮಿ

ತಮ್ಮ ಅಮೆರಿಕಕ್ಕೆ ವಾಪಸ್ ಹೊರಟ ದಿನ ಅಮ್ಮ ಮೊಬೈಲಿನಲ್ಲಿ ಅವನ ವಿಮಾನ ನೋಡುತ್ತಾ ಕೂತಿರುತ್ತಾರೆ. "ಅಮೆರಿಕ ಪಶ್ಚಿಮಕ್ಕಲ್ವೇನೋ? ಇದ್ಯಾಕೆ ಚೀನಾ ಕಡೆ ಹೋಗ್ತಿದೆ?" ಒಳ್ಳೆಯ ಪ್ರಶ್ನೆ ಅದು.

ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತಗೊಳ್ಳಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋವರೆಗೆ ಬಿಗಿಯಾಗಿ ಎಳೆಯಿರಿ. ದಾರ ಹೆಚ್ಚುಕಮ್ಮಿ ಉತ್ತರಕ್ಕೇ ಹತ್ತುತ್ತದೆ. ಟಿಬೆಟ್, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಸುಮಾರು 14,000 ಕಿ.ಮೀ. ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಗೋಡೆಯ ನಕ್ಷೆಯಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಅದು ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿರುತ್ತದೆ.

ಆದರೆ ವಿಮಾನ ಈ ದಾರದ ಮೇಲೆಯೇ ಹೋಗುವುದಿಲ್ಲ. ಕ್ಯಾಬಿನ್ನಿನ ಒತ್ತಡ ಇಳಿದುಹೋದರೆ ಉಸಿರಾಟಕ್ಕಾಗಿ ಬೇಗ 10,000 ಅಡಿಗೆ ಇಳಿಯಬೇಕು, ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಇನ್ನೊಂದು, ಇದಕ್ಕಿಂತ ದೊಡ್ಡ ಕಾರಣ ಗಾಳಿ.

ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತವೆ. ಹೆಸರು ಜೆಟ್ ಸ್ಟ್ರೀಮ್. ಕೆಲವೊಮ್ಮೆ ವೇಗ ಗಂಟೆಗೆ 400 ಕಿ.ಮೀ. ದಾಟುತ್ತದೆ! ಬೆನ್ನಿಗೆ ಇಂಥ ಗಾಳಿ ಸಿಕ್ಕರೆ ಗಂಟೆಗೆ 900 ಕಿ.ಮೀ. ಹೋಗುವ ವಿಮಾನ ನೆಲದ ಲೆಕ್ಕದಲ್ಲಿ ಇನ್ನೂ ಎಷ್ಟೋ ಬೇಗ ಹೋಗುತ್ತದೆ. ಎದುರಿಗೆ ಬಂದರೆ ಅಷ್ಟೇ ನಷ್ಟ.

ನನಗೆ ತುಂಬಾ ಇಷ್ಟವಾದ ಉದಾಹರಣೆ 2016ರದ್ದು. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಪಶ್ಚಿಮಕ್ಕೆ, ಅಟ್ಲಾಂಟಿಕ್ ಮೇಲೆ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. ಆ ಅಕ್ಟೋಬರ್‌ನಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಕಳಿಸಿದರು. ಸುಮಾರು 15,300 ಕಿ.ಮೀ. ಆಯಿತು, ಅಂದರೆ 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲು. ಎಂಥ ಲೆಕ್ಕ ಅಲ್ವಾ!

ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಹಾಗಾದರೆ ಪಶ್ಚಿಮಕ್ಕೆ ಹೋದರೆ ಊರೇ ನಮ್ಮ ಹತ್ತಿರ ಬರಬೇಕಲ್ವಾ ಅಂತ ಕೆಲವರು ಕೇಳುತ್ತಾರೆ. ಬರುವುದಿಲ್ಲ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತಿರುತ್ತದೆ, ವಿಮಾನ ಇರುವುದು ಆ ಗಾಳಿಯಲ್ಲೇ.

ವಾಪಸ್ ಬರುವಾಗ ಅದೇ ಪೆಸಿಫಿಕ್ ದಾರಿ ಹಿಡಿದರೆ ಗಾಳಿ ಎದುರಾಗುತ್ತದೆ. ಅದರ ಬದಲು ಉತ್ತರ ಧ್ರುವದ ಕಡೆಯಿಂದ ಬರಬಹುದು. ನೇರ ಧ್ರುವದ ಮೇಲೆಯೇ ಹಾದು ಬಂದರೂ, ಗ್ಲೋಬಿನ ದಾರಕ್ಕಿಂತ 400 ಕಿ.ಮೀ. ಕೂಡ ಹೆಚ್ಚಾಗುವುದಿಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದದ್ದು ಹಾಗೆಯೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ, ಕಾಕ್‌ಪಿಟ್‌ನಲ್ಲಿ ಬರೀ ಹೆಣ್ಣುಮಕ್ಕಳೇ ಇದ್ದ ಆ ತಂಡ ಉತ್ತರ ಧ್ರುವ ದಾಟಿ, ಸುಮಾರು 17 ಗಂಟೆ ಹಾರಿ, ನಮ್ಮ ಕೆಂಪೇಗೌಡ ನಿಲ್ದಾಣದಲ್ಲಿ ವಿಮಾನ ಇಳಿಸಿತು.