ಹೊಟ್ಟೆಯಲ್ಲಿ ಮಗು ಇರುವಾಗ ಇಷ್ಟೊಂದು ಮಾತ್ರೆಯೇ?

ಪ್ರಶ್ನೆ: ಮೇಡಂ, ನಾನೀಗ ಐದು ತಿಂಗಳ ಬಸುರಿ. ಎಚ್‌ಐವಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ನಡುವೆ ಕೆಲವು ತಿಂಗಳು ಬಿಟ್ಟುಹೋಗಿತ್ತು. ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಕಡಿಮೆ ಇದೆ ಎಂದು ದಿನಕ್ಕೊಂದು ದೊಡ್ಡ ಬಿಳಿ ಮಾತ್ರೆ ಕೊಟ್ಟಿದ್ದಾರೆ. ಕೆಮ್ಮು ಇತ್ತೆಂದು ಕಫ ಪರೀಕ್ಷೆ ಮಾಡಿ ಈಗ ಟಿಬಿ ಮಾತ್ರೆಯನ್ನೂ ಶುರು ಮಾಡಿದ್ದಾರೆ. ಅತ್ತೆಗೆ ಟಿಬಿ ವಿಷಯ ಮಾತ್ರ ಗೊತ್ತು. ‘ಬಸುರಿ ಇಷ್ಟು ಮಾತ್ರೆ ನುಂಗಿದರೆ ಮಗು ಉಳಿಯುತ್ತಾ?’ ಎನ್ನುತ್ತಾರೆ. ಹೆರಿಗೆ ಆಗುವವರೆಗೆ ಎಚ್‌ಐವಿ ಮಾತ್ರೆ ಒಂದನ್ನೇ ಇಟ್ಟುಕೊಂಡು ಉಳಿದವನ್ನು ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ. ಒಂದು ದಿನಕ್ಕೂ ಬೇಡ.

ಬಸುರಿಯರಿಗೆ ಔಷಧಿ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬ ಅತ್ತೆಯ ಮಾತು ನೆಗಡಿ, ಮೈಕೈ ನೋವಿನ ಮಟ್ಟಿಗೆ ಸರಿಯೇ. ಟಿಬಿಗೆ ಆ ಲೆಕ್ಕ ಹಿಡಿಯಲಾಗದು. ಚಿಕಿತ್ಸೆ ಇಲ್ಲದ ಟಿಬಿ ತಾಯಿಯ ಜೀವಕ್ಕೇ ಕುತ್ತು. ಮಗು ದಿನ ತುಂಬುವ ಮೊದಲೇ ಹುಟ್ಟಬಹುದು, ತೂಕ ಕಡಿಮೆ ಇರಬಹುದು, ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವ ಸಾಧ್ಯತೆಯೂ ಹೆಚ್ಚುತ್ತದೆ.

ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಸಂದು ನೋಡಿ ಒಳನುಗ್ಗುವ ಇಂಥ ಕಾಯಿಲೆಗಳಿಗೆ ಅವಕಾಶವಾದಿ ಸೋಂಕು ಎನ್ನುತ್ತಾರೆ. ನಮ್ಮ ದೇಶದಲ್ಲಿ ಎಚ್‌ಐವಿ ಇರುವವರಿಗೆ ಹೆಚ್ಚಾಗಿ ಬರುವುದು ಟಿಬಿಯೇ. ಅದಕ್ಕೇ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋದಾಗಲೆಲ್ಲ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಈ ನಾಲ್ಕನ್ನು ಕೇಳುತ್ತಾರೆ. ಬಸುರಿಯಲ್ಲಿ ನಾಲ್ಕನೆಯದು ಮೋಸ ಮಾಡುತ್ತದೆ. ಮಗು ಬೆಳೆಯುತ್ತಿರುವುದರಿಂದ ತೂಕ ಇಳಿಯದೆ ಇದ್ದಲ್ಲೇ ನಿಂತಿರಬಹುದು. ತಾಯಿ ಕಾರ್ಡ್‌ನಲ್ಲಿ ತೂಕ ಏರದೆ ನಿಂತಿದ್ದರೆ ಅದನ್ನೂ ಟಿಬಿಯ ಸುಳಿವೆಂದೇ ನೋಡಬೇಕು.

ನಿಮಗೆ ಕೊಡುವ ನಾಲ್ಕು ಔಷಧಿಗಳು, ಅಂದರೆ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್, ಬಸುರಿಯರಿಗೆ ಕೊಡುವಂಥವೇ. ಮಗುವಿನ ಕಿವಿಗೆ ಹಾನಿ ಮಾಡುವ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಮಾತ್ರ ಬಸಿರಿನಲ್ಲಿ ಕೊಡುವುದಿಲ್ಲ. ಜೊತೆಗೆ ಕೊಡುವ ಪುಟ್ಟ ಬಿ6 ಮಾತ್ರೆ ನರಗಳ ರಕ್ಷಣೆಗೆ, ಅದನ್ನೂ ಬಿಡಬೇಡಿ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆಗೆಂಪಾಗುತ್ತದೆ. ರಕ್ತ ಹೋಗುತ್ತಿದೆ ಎಂದು ಗಾಬರಿಯಾಗಿ ಮಾತ್ರೆ ಬಿಡುವವರಿದ್ದಾರೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮುಖ್ಯ ವಿಷಯ ಇನ್ನೊಂದಿದೆ. ನೀವು ದಿನಕ್ಕೊಂದರಂತೆ ನುಂಗುವ ಎಚ್‌ಐವಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇರುವ ಸಾಧ್ಯತೆಯೇ ಹೆಚ್ಚು. ರಿಫಾಂಪಿಸಿನ್ ಅದರ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಹಾಗಾಗಿ ಟಿಬಿ ಚಿಕಿತ್ಸೆ ನಡೆಯುವಷ್ಟು ದಿನ 12 ಗಂಟೆ ಬಿಟ್ಟು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಇನ್ನೊಂದು ಬೇಕು. ನಿಮಗೆ ಕೊಟ್ಟಿದ್ದಾರೆಯೇ? ಇಲ್ಲವಾದರೆ ಟಿಬಿ ಕಾರ್ಡ್ ಹಿಡಿದುಕೊಂಡು ನಾಳೆಯೇ ಎಆರ್‌ಟಿ ಕೇಂದ್ರಕ್ಕೆ ಹೋಗಿ ಕೇಳಿ.

ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ ಮತ್ತು ಕ್ಯಾಲ್ಸಿಯಂ ಕೂಡ ಖಾಲಿ ಹೊಟ್ಟೆಯಲ್ಲಿ ಜೊತೆಗೆ ಬಿದ್ದರೆ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತವೆ. ಊಟದ ಜೊತೆ ಒಟ್ಟಿಗೆ ನುಂಗಿದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಎಚ್‌ಐವಿ ಮಾತ್ರೆಯನ್ನು ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಿ. ಎದೆಯುರಿಗೆ ಕುಡಿಯುವ ಸಿರಪ್‌ಗೆ ಮಾತ್ರ ಊಟದ ರಿಯಾಯಿತಿ ಇಲ್ಲ, ಅದಕ್ಕೆ ಈ ಅಂತರ ಇರಲೇಬೇಕು.

ದೊಡ್ಡ ಬಿಳಿ ಮಾತ್ರೆ ಬಹುಶಃ ಕೋಟ್ರಿಮಾಕ್ಸಜೋಲ್. ಸಿಡಿ4 350ಕ್ಕಿಂತ ಕೆಳಗಿದ್ದರೆ ಕೊಡುತ್ತಾರೆ. ಒಂದು ಬಗೆಯ ಕೆಟ್ಟ ನ್ಯುಮೋನಿಯಾ ಮತ್ತು ಮೆದುಳಿಗೆ ತಗಲುವ ಟಾಕ್ಸೊಪ್ಲಾಸ್ಮಾ ಸೋಂಕನ್ನು ಅದು ತಡೆಯುತ್ತದೆ. ಮೊದಲ ಮೂರು ತಿಂಗಳಲ್ಲಿ ಅದು ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡ ಬರುತ್ತದೆ ಎಂಬ ಆತಂಕ ವೈದ್ಯರಿಗೂ ಇದೆ. ಆದರೂ ಸಿಡಿ4 ಬಿದ್ದ ತಾಯಿಗೆ ಅದರ ಲಾಭವೇ ದೊಡ್ಡದೆಂದು ಮುಂದುವರಿಸುತ್ತಾರೆ. ನೀವು ಆ ಮೂರು ತಿಂಗಳು ದಾಟಿದ್ದೀರಿ. ಮಗುವಿನ ಅಂಗಾಂಗ ನೋಡುವ ಐದನೇ ತಿಂಗಳ ಸ್ಕ್ಯಾನ್ ಆಗಿರದಿದ್ದರೆ ಈಗ ಮಾಡಿಸಿಕೊಳ್ಳಿ. ಮೈಮೇಲೆ ದದ್ದು ಎದ್ದರೆ ತಕ್ಷಣ ತಿಳಿಸಿ. ಹೆರಿಗೆ ಮಾಡಿಸುವವರಿಗೂ ಈ ಮಾತ್ರೆಯ ವಿಷಯ ಹೇಳಿರಿ, ಮಗುವಿನ ಕಾಮಾಲೆಯ ಕಡೆ ಅವರು ಕಣ್ಣಿಡುತ್ತಾರೆ.

ಸಿಡಿ4 ಬಗ್ಗೆ ಒಂದು ಸಮಾಧಾನದ ಮಾತು: ಬಸಿರಿನಲ್ಲಿ ರಕ್ತ ತೆಳುವಾಗುವುದರಿಂದಲೇ ಆ ಸಂಖ್ಯೆ ಒಂದಿಷ್ಟು ಇಳಿಯುತ್ತದೆ. ಅಷ್ಟೂ ಇಳಿಕೆ ಕಾಯಿಲೆಯದ್ದೇ ಇರಬೇಕೆಂದಿಲ್ಲ.

ಬಾಯಲ್ಲಿ ಬಿಳಿ ಲೇಪ, ಕೆಳಗೆ ತುರಿಕೆ, ಬಿಳಿಸೆರಗು ಕಾಣಿಸಿದರೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಫ್ಲುಕೊನಜೋಲ್ ಎಂಬ ಶಿಲೀಂಧ್ರ ಸೋಂಕಿನ ಮಾತ್ರೆ ತಂದು ನುಂಗಬೇಡಿ. ಹೆಚ್ಚು ಪ್ರಮಾಣದಲ್ಲಿ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಅದು ಮಗುವಿಗೆ ಹಾನಿ ಮಾಡಬಲ್ಲದು. ಹಚ್ಚುವ, ಒಳಗೆ ಇಡುವ ಕ್ಲೋಟ್ರಿಮಜೋಲ್ ಇದೆ, ವೈದ್ಯರು ಅದನ್ನೇ ಕೊಡುತ್ತಾರೆ.

ತಲೆನೋವನ್ನು ಮಾತ್ರ ಹಗುರವಾಗಿ ನೋಡಬೇಡಿ. ದಿನಗಟ್ಟಲೆ ಬಿಡದ ತಲೆನೋವು, ಜ್ವರ, ವಾಂತಿ, ಕಣ್ಣು ಮಂಜು ಒಟ್ಟಿಗೆ ಬಂದರೆ ಎಲ್ಲರೂ ಬಸುರಿಯ ಸಂಕಟ, ಇಲ್ಲವೇ ಬಿಪಿ ಎಂದುಕೊಳ್ಳುತ್ತಾರೆ. ಬಿಪಿ ನೋಡಲೇಬೇಕು, ಸರಿ. ಅದರ ಜೊತೆಗೆ ಸಿಡಿ4 ಎಷ್ಟಿದೆ ಎಂದೂ ಹೇಳಿ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಮೆದುಳಿನ ಪೊರೆಗೆ ತಗುಲಿದರೂ ಹೀಗೆಯೇ ಆಗುತ್ತದೆ, ತಡವಾದರೆ ಜೀವ ಉಳಿಸುವುದು ಕಷ್ಟ.

ಮಗು ಹುಟ್ಟಿದ ಮೇಲೆ ಅದಕ್ಕೆ ಎಚ್‌ಐವಿ ತಡೆಯುವ ಸಿರಪ್ ಶುರುವಾಗುತ್ತದೆ, 6 ವಾರಕ್ಕೆ ಎಚ್‌ಐವಿಯ ರಕ್ತ ಪರೀಕ್ಷೆ ಇರುತ್ತದೆ. ನಿಮಗೆ ಟಿಬಿ ಚಿಕಿತ್ಸೆ ನಡೆಯುತ್ತಿದೆ ಎಂದು ಮಕ್ಕಳ ವೈದ್ಯರಿಗೆ ಅಂದೇ ತಿಳಿಸಿ.

ಇನ್ನು ಅತ್ತೆಯ ವಿಷಯ. ನಿಮ್ಮ ಎಚ್‌ಐವಿ ಸ್ಥಿತಿಯನ್ನು ನಿಮ್ಮ ಒಪ್ಪಿಗೆ ಇಲ್ಲದೆ ಆಸ್ಪತ್ರೆಯವರು ಅತ್ತೆಗೆ ಹೇಳುವಂತಿಲ್ಲ, 2017ರ ಎಚ್‌ಐವಿ ಕಾಯ್ದೆ ಅದನ್ನು ತಡೆಯುತ್ತದೆ. ಮಾತಾಡಲು ಯಾರಾದರೂ ಬೇಕೆನಿಸಿದರೆ 1097ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ಟಿಬಿ ಇರುವವರ ಮನೆಯಲ್ಲಿ ಉಳಿದವರಿಗೂ ತಪಾಸಣೆ ಆಗಬೇಕು, ಅಂದರೆ ಒಂದೇ ಸೂರಿನಡಿ ಇರುವ ಅತ್ತೆಗೂ. ಈ ವಾರವೇ ಅವರನ್ನು ಟಿಬಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಹೊರಡುವ ಮೊದಲು ಅಲ್ಲಿನ ವೈದ್ಯರಿಗೆ ‘ಅತ್ತೆಗೆ ಟಿಬಿ ವಿಷಯ ಮಾತ್ರ ಗೊತ್ತು’ ಎಂದು ತಿಳಿಸಿಡಿ. ಅತ್ತೆಯ ತಪಾಸಣೆಯೂ ಆಗುತ್ತದೆ, ಬಸುರಿ ಟಿಬಿ ಮಾತ್ರೆ ನುಂಗಬಹುದೇ ಎಂಬ ಪ್ರಶ್ನೆಯನ್ನು ಅವರೇ ವೈದ್ಯರ ಮುಂದೆ ಕೇಳಲಿ.