ಓದುಗರ ಪ್ರಶ್ನೆ: ಅಮೆರಿಕದಲ್ಲಿ ಸರ್ಕಾರಿ ವಕೀಲರು ಸೆನೆಟರ್ ಆಗೋದು ಹೇಗೆ?

ಕಮಲಾ ಹ್ಯಾರಿಸ್ ಹೆಸರು ಸುದ್ದಿಗೆ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. "ಅವರು ಮೊದಲು ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆಗಿದ್ದರಂತೆ, ಆಮೇಲೆ ಸೆನೆಟರ್ ಆದರಂತೆ. ಸರ್ಕಾರದ ಪರ ವಾದ ಮಾಡುವ ವಕೀಲರು ಸೀದಾ ಸಂಸತ್ತಿಗೆ ಹೋಗೋದು ಹೇಗೆ? ಕೋರ್ಟಿನ ಆ ಅನುಭವ ಅಲ್ಲಿ ಉಪಯೋಗಕ್ಕೆ ಬರುತ್ತಾ?"

ಮೊದಲ ಭಾಗಕ್ಕೆ ಉತ್ತರ ಸಣ್ಣದು. ಅಲ್ಲಿ ಆ ವಕೀಲರನ್ನು ಆರಿಸುವುದೇ ಜನ. ನಮ್ಮಲ್ಲಿ ರಾಜ್ಯದ ಅಡ್ವೊಕೇಟ್ ಜನರಲ್‌ರನ್ನು ರಾಜ್ಯಪಾಲರು ನೇಮಿಸುತ್ತಾರೆ, ಅಂದರೆ ಸರ್ಕಾರ ಹೇಳಿದವರು ಬರುತ್ತಾರೆ. ಸರ್ಕಾರ ಬದಲಾದರೆ ಸಾಮಾನ್ಯವಾಗಿ ಅವರೂ ಬದಲಾಗುತ್ತಾರೆ. ಜನರಿಗೆ ಅವರ ಹೆಸರೂ ಗೊತ್ತಿರುವುದಿಲ್ಲ. ಅಮೆರಿಕದ 50 ರಾಜ್ಯಗಳ ಪೈಕಿ 43ರಲ್ಲಿ ಅಟಾರ್ನಿ ಜನರಲ್ ಹುದ್ದೆಗೆ ನೇರ ಚುನಾವಣೆ ನಡೆಯುತ್ತದೆ. ಅದರ ಕೆಳಗೆ ಜಿಲ್ಲಾ ಮಟ್ಟದಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ ಇರುತ್ತಾರೆ. ಕೊಲೆ, ಕಳ್ಳತನದಂಥ ದಿನನಿತ್ಯದ ಕೇಸು ನಡೆಸುವವರು ಅವರೇ, ಮತ್ತು ಬಹಳಷ್ಟು ಕಡೆ ಅವರನ್ನೂ ಜನರೇ ಆರಿಸುತ್ತಾರೆ. ಸೆನೆಟರ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರ ಚುನಾವಣೆಯೂ ಹಾಗೇ. ನಮ್ಮ ರಾಜ್ಯಸಭೆಗೆ ಶಾಸಕರು ಓಟು ಹಾಕುತ್ತಾರಲ್ಲ, ಅಲ್ಲಿ 1913ರ ತನಕ ಹಾಗೇ ಇತ್ತು. ಆಮೇಲೆ ಸಂವಿಧಾನ ತಿದ್ದಿ ಇಡೀ ರಾಜ್ಯದ ಮತದಾರರೇ ಸೆನೆಟರ್‌ರನ್ನು ಆರಿಸುವಂತೆ ಮಾಡಿದರು. ಹಾಗಾಗಿ ಅಟಾರ್ನಿ ಜನರಲ್ ಆಗಿ ಗೆದ್ದವರು ಸೆನೆಟ್‌ಗೆ ಬೇಕಾದ ಅದೇ ಮತದಾರರ ಮುಂದೆ ಒಮ್ಮೆ ನಿಂತು ಪಾಸಾಗಿರುತ್ತಾರೆ. ಹ್ಯಾರಿಸ್ ದಾರಿಯೂ ಇದೇ. ಸ್ಯಾನ್ ಫ್ರಾನ್ಸಿಸ್ಕೋದ ಡಿಸ್ಟ್ರಿಕ್ಟ್ ಅಟಾರ್ನಿ, 2011ರಿಂದ ರಾಜ್ಯದ ಅಟಾರ್ನಿ ಜನರಲ್, 2017ರಲ್ಲಿ ಸೆನೆಟರ್.

ಆದರೆ ಎರಡನೇ ಭಾಗ, ಅನುಭವ ಉಪಯೋಗಕ್ಕೆ ಬರುತ್ತಾ ಅನ್ನೋದು, ಅಷ್ಟು ಸುಲಭವಲ್ಲ. ಅದಕ್ಕೆ ಹ್ಯಾರಿಸ್‌ಗಿಂತ ಅರ್ಧ ಶತಮಾನ ಮೊದಲಿನ ಒಬ್ಬರ ಕಥೆ ಹೇಳಬೇಕು. ಹೆಸರು ಎಡ್ವರ್ಡ್ ಬ್ರೂಕ್. ನಮ್ಮ ಕಡೆ ಈ ಹೆಸರು ಕೇಳಿದವರು ಕಮ್ಮಿ, ನನಗೆ ಅದು ಬೇಜಾರಿನ ವಿಷಯ.

ಬ್ರೂಕ್ ಹುಟ್ಟಿದ್ದು 1919ರಲ್ಲಿ, ವಾಷಿಂಗ್ಟನ್ ನಗರದಲ್ಲಿ. ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಜಾಗ ಅಂತ ಇದ್ದ ಕಾಲ. ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ ಡಿಗ್ರಿ ಮುಗಿಸಿದರು, ಅದೇ ವರ್ಷ ಯುದ್ಧ. ಅವರನ್ನು ಹಾಕಿದ್ದು ಕಪ್ಪು ಸೈನಿಕರದ್ದೇ ಪ್ರತ್ಯೇಕ ಪಡೆಯಾದ 366ನೇ ರೆಜಿಮೆಂಟ್‌ಗೆ. ಅಲ್ಲಿ ತಪ್ಪು ಮಾಡಿದರೆಂದು ಸೇನಾ ನ್ಯಾಯಾಲಯಕ್ಕೆ ಎಳೆಯಲಾದ ಸೈನಿಕರ ಪರ ಮಾತಾಡುವ ಕೆಲಸ ಅವರಿಗೆ ಬಂತು. ಆಗಿನ್ನೂ ಅವರು ಲಾ ಓದಿರಲಿಲ್ಲ! ಸಾಮಾನ್ಯ ಸೈನಿಕರನ್ನು ಬಚಾವ್ ಮಾಡೋಕೆ ನಿಯಮದ ಪುಸ್ತಕ ಹಿಡಿದು ನಿಂತು, ಆಮೇಲೆ ಇಟಲಿಯ ಯುದ್ಧಭೂಮಿಗೆ ಹೋಗಿ, ವಾಪಸ್ ಬಂದ ಮೇಲೆ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿ 1948ರಲ್ಲಿ ಲಾ ಮುಗಿಸಿದರು. ಮುಂದೆ ಸರ್ಕಾರದ ದೊಡ್ಡ ವಕೀಲರಾದವರು ಶುರು ಮಾಡಿದ್ದು ಆರೋಪಿಗಳ ಪಕ್ಕದಲ್ಲಿ ನಿಂತು ಅನ್ನೋದನ್ನು ಮರೆಯಬೇಡಿ.

ರಾಜಕೀಯದಲ್ಲಿ ಮೊದಲು ಬರೀ ಸೋಲು. 1950 ಮತ್ತು 1952ರಲ್ಲಿ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆಗೆ ನಿಂತು ಸೋತರು. 1960ರಲ್ಲಿ ರಾಜ್ಯದ ಕಾರ್ಯದರ್ಶಿ ಹುದ್ದೆಗೆ ನಿಂತಾಗ ಎದುರಾಳಿ ಕೆವಿನ್ ವೈಟ್. ವೈಟ್ ಅವರ ಪ್ರಚಾರದ ಸ್ಟಿಕರ್‌ಗಳಲ್ಲಿ 'ವೋಟ್ ವೈಟ್' ಅಂತ ಇತ್ತು, ಬಿಳಿಯರಿಗೆ ಓಟು ಹಾಕಿ ಅಂತಲೂ ಓದಬಹುದಾದ ಮಾತು. ಬ್ರೂಕ್ ಸೋತರೂ ಹತ್ತು ಲಕ್ಷಕ್ಕೂ ಜಾಸ್ತಿ ಓಟು ಬಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಕಪ್ಪು ಜನರ ಪ್ರಮಾಣ ತೀರಾ ಚಿಕ್ಕದು, ಅಂದರೆ ಓಟು ಹಾಕಿದವರು ಹೆಚ್ಚುಕಮ್ಮಿ ಎಲ್ಲರೂ ಬಿಳಿಯರೇ. ಆಮೇಲೆ ಬಾಸ್ಟನ್ ನಗರದ ಹಣಕಾಸಿನ ಮೇಲೆ ಕಣ್ಣಿಡುವ ಆಯೋಗದ ಅಧ್ಯಕ್ಷರಾಗಿ ಭ್ರಷ್ಟಾಚಾರ ಹೊರಗೆಳೆದರು. ಹೆಸರು ಬಂತು.

1962ರಲ್ಲಿ ಅಟಾರ್ನಿ ಜನರಲ್ ಹುದ್ದೆಗೆ ನಿಂತರು. ರಿಪಬ್ಲಿಕನ್ ಪಕ್ಷದೊಳಗೇ ಅವರ ಎದುರು ನಿಂತವರು ಎಲಿಯಟ್ ರಿಚರ್ಡ್‌ಸನ್ (ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ). ರಿಚರ್ಡ್‌ಸನ್‌ರನ್ನು ಸೋಲಿಸಿ ಟಿಕೆಟ್ ಪಡೆದರು, ಆಮೇಲೆ ಚುನಾವಣೆಯನ್ನೂ ಗೆದ್ದರು. ಆ ವರ್ಷ ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯಮಟ್ಟದ ಹುದ್ದೆ ಗೆದ್ದ ರಿಪಬ್ಲಿಕನ್ ಅವರೊಬ್ಬರೇ. ಚುನಾವಣೆಯಲ್ಲಿ ಗೆದ್ದು ಯಾವುದೇ ರಾಜ್ಯದ ಅಟಾರ್ನಿ ಜನರಲ್ ಆದ ಮೊದಲ ಕಪ್ಪು ವ್ಯಕ್ತಿಯೂ ಅವರೇ.

ಆ ಹುದ್ದೆಯಲ್ಲಿ ಏನು ಕೆಲಸ ಅಂತ ತಿಳಿಯೋಕೆ ಒಂದು ಕೇಸು ನೋಡಿ ಸಾಕು. 1962ರಿಂದ 1964ರ ನಡುವೆ ಬಾಸ್ಟನ್ ಮತ್ತು ಸುತ್ತಮುತ್ತ 13 ಮಹಿಳೆಯರ ಕೊಲೆ ಆಯಿತು. 'ಬಾಸ್ಟನ್ ಸ್ಟ್ರಾಂಗ್ಲರ್' ಅಂತ ಪತ್ರಿಕೆಗಳು ಹೆಸರಿಟ್ಟವು. ಒಂದು ಕೊಲೆ ಬಾಸ್ಟನ್‌ನಲ್ಲಿ, ಇನ್ನೊಂದು ಲಿನ್‌ನಲ್ಲಿ, ಮತ್ತೊಂದು ಸೇಲಂನಲ್ಲಿ, ಮತ್ತೊಂದು ಕೇಂಬ್ರಿಡ್ಜ್‌ನಲ್ಲಿ. ಪ್ರತಿ ಊರಿಗೂ ಬೇರೆ ಪೊಲೀಸರು, ಜಿಲ್ಲೆಗೆ ಬೇರೆ ಡಿಸ್ಟ್ರಿಕ್ಟ್ ಅಟಾರ್ನಿ, ಒಬ್ಬರ ಫೈಲು ಇನ್ನೊಬ್ಬರ ಟೇಬಲ್ಲಿಗೆ ಹೋಗುತ್ತಿರಲಿಲ್ಲ. 1964ರ ಜನವರಿಯಲ್ಲಿ ಬ್ರೂಕ್ ಇಡೀ ತನಿಖೆಯನ್ನು ತಮ್ಮ ಕಚೇರಿಗೆ ತಂದು ಅದಕ್ಕೇ ಒಂದು ವಿಭಾಗ ಮಾಡಿದರು. ಎಲ್ಲ ಊರಿನ ಕಾಗದಪತ್ರ ಒಂದೇ ಕಡೆ ಸೇರಿತು. ತನಿಖೆ ಮಾತ್ರ ಸಲೀಸಾಗಿ ನಡೆಯಲಿಲ್ಲ. ಅತೀಂದ್ರಿಯ ಶಕ್ತಿ ಇದೆ ಅಂತ ಹೇಳಿಕೊಳ್ಳುವ ಒಬ್ಬರನ್ನು ಕರೆತಂದಿದ್ದು ಟೀಕೆಗೆ ಗುರಿಯಾಯಿತು, ಕೊಲೆ ಮಾಡಿದ್ದು ನಾನೇ ಅಂತ ಒಪ್ಪಿಕೊಂಡವನ ಮೇಲೆ ಕೊಲೆ ಕೇಸು ಕೋರ್ಟಿಗೆ ಬರಲೇ ಇಲ್ಲ, ಅವನಿಗೂ ಕೊನೆಯ ಕೊಲೆಗೂ ಡಿಎನ್‌ಎ ನಂಟು ಸಿಕ್ಕಿದ್ದು 2013ರಲ್ಲಿ. ಆದರೂ ಜಿಲ್ಲೆಗಳ ಗಡಿ ದಾಟಿ ಕೆಲಸ ಮಾಡಬಲ್ಲ ಒಂದು ಕಚೇರಿ ಯಾಕೆ ಬೇಕು ಅನ್ನೋದು ಆಗ ಎಲ್ಲರಿಗೂ ಕಾಣಿಸಿತು.

ಓಟಿಗೆ ನಿಲ್ಲುವ ಸರ್ಕಾರಿ ವಕೀಲರ ಬಗ್ಗೆ ಒಂದು ನ್ಯಾಯವಾದ ಭಯ ಇದೆ. ಜನರನ್ನು ಮೆಚ್ಚಿಸೋಕೆ ಕೇಸು ಹಾಕಬಹುದು, ಇಲ್ಲವೇ ಹಾಕದೇ ಬಿಡಬಹುದು. ಈ ಭಯ ನನಗೂ ಇದೆ. ಆದರೆ ಬ್ರೂಕ್ ತಮ್ಮವರಿಗೇ ಬೇಡವಾದ ಮಾತು ಹೇಳಿದ ಸಂದರ್ಭ ಒಂದಿದೆ. ಬಾಸ್ಟನ್ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಇಟ್ಟಿದ್ದರ ವಿರುದ್ಧ 1964ರಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಪ್ರತಿಭಟಿಸಲು ಹೋರಾಟಗಾರರು ಕರೆ ಕೊಟ್ಟರು. ಕಾನೂನಿನ ಪ್ರಕಾರ ಇದು ಸರೀನಾ ಅಂತ ಬ್ರೂಕ್‌ರನ್ನು ಕೇಳಿದಾಗ, ಮಕ್ಕಳು ಶಾಲೆಗೆ ಬರಲೇಬೇಕು ಅಂತ ಕಾನೂನಿದೆ, ಹಾಗಾಗಿ ಬಹಿಷ್ಕಾರ ಕಾನೂನುಬಾಹಿರ ಅಂದರು. ಹೋರಾಟಗಾರರಿಗೆ ಸಿಟ್ಟು ಬಂತು. ಅವರ ಸಿಟ್ಟಿಗೂ ಕಾರಣ ಇತ್ತು ಅಂತಲೇ ನನಗೆ ಅನಿಸುತ್ತದೆ. ಕಾನೂನು ಹೀಗಿದೆ ಅಂತ ಹೇಳುವ ಕುರ್ಚಿಯಲ್ಲಿ ಕೂತವರಿಗೆ ಕಾನೂನು ಹೀಗಿರಬೇಕು ಅಂತ ಹೇಳೋಕೆ ಬರಲ್ಲ. ಅದನ್ನು ಹೇಳಬೇಕಾದರೆ ಕಾನೂನು ಮಾಡುವ ಜಾಗಕ್ಕೇ ಹೋಗಬೇಕು.

ಅವರು ಹೋದರು. 1966ರಲ್ಲಿ ಮಾಜಿ ಗವರ್ನರ್ ಎಂಡಿಕಾಟ್ ಪೀಬಾಡಿಯವರನ್ನು ಸುಮಾರು 61% ಓಟಿನೊಂದಿಗೆ ಸೋಲಿಸಿದರು. 1881ರಿಂದ ಸೆನೆಟ್‌ನಲ್ಲಿ ಒಬ್ಬ ಕಪ್ಪು ಸದಸ್ಯರೂ ಇರಲಿಲ್ಲ. ಜನರ ನೇರ ಓಟಿನಿಂದ ಗೆದ್ದವರಲ್ಲಂತೂ ಇವರೇ ಮೊದಲಿಗರು.

ಇಲ್ಲಿಂದ ಮುಂದಿನ ಕಥೆಯೇ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ. ಸೆನೆಟ್‌ನಲ್ಲಿ ಅವರಿಗೆ ಜೊತೆಯಾದವರು ವಾಲ್ಟರ್ ಮಾಂಡೇಲ್. ಅವರೂ ಮಿನ್ನೆಸೋಟಾದ ಅಟಾರ್ನಿ ಜನರಲ್ ಆಗಿ ಬಂದವರು, ಡೆಮಾಕ್ರಟ್. ಮಾಂಡೇಲ್ ಆ ಹುದ್ದೆಯಲ್ಲಿದ್ದಾಗ ಫ್ಲಾರಿಡಾ ರಾಜ್ಯ ಒಂದು ಸಹಾಯ ಕೇಳಿತ್ತು. ವಕೀಲರಿಗೆ ಕೊಡೋಕೆ ದುಡ್ಡಿಲ್ಲದ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕಾ ಅನ್ನುವ ಗಿಡಿಯನ್ ಕೇಸು ಸುಪ್ರೀಂ ಕೋರ್ಟಿನಲ್ಲಿತ್ತು. ಕೊಡಬೇಕಿಲ್ಲ ಅನ್ನೋ ನಮ್ಮ ವಾದಕ್ಕೆ ಬೆಂಬಲ ಕೊಡಿ ಅಂತ ಫ್ಲಾರಿಡಾದ ಪತ್ರ. ಮಾಂಡೇಲ್ ಉಲ್ಟಾ ಮಾಡಿದರು. ಬ್ರೂಕ್‌ಗಿಂತ ಮೊದಲು ಮ್ಯಾಸಚೂಸೆಟ್ಸ್‌ನ ಅಟಾರ್ನಿ ಜನರಲ್ ಆಗಿದ್ದ ಎಡ್ವರ್ಡ್ ಮೆಕಾರ್ಮಕ್ ಜೊತೆ ಸೇರಿ, ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳನ್ನು ಒಗ್ಗೂಡಿಸಿ, ಆರೋಪಿಗೆ ವಕೀಲರು ಬೇಕೇ ಬೇಕು ಅಂತ ಕೋರ್ಟಿಗೆ ಹೇಳಿಸಿದರು. 1963ರಲ್ಲಿ ತೀರ್ಪು ಬಂತು, ಎಲ್ಲ ನ್ಯಾಯಮೂರ್ತಿಗಳದ್ದೂ ಒಂದೇ ಮಾತು: ವಕೀಲರನ್ನು ಕೊಡಲೇಬೇಕು.

ಈ ಇಬ್ಬರು ಸೇರಿ 1968ರ ಫೆಬ್ರವರಿಯಲ್ಲಿ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗ ನೋಡಿ ಭೇದ ಮಾಡಬಾರದು ಅನ್ನುವ ತಿದ್ದುಪಡಿ ತಂದರು. ನಮ್ಮಲ್ಲೂ ಜಾತಿ, ಧರ್ಮ ಕೇಳಿ ಮನೆ ಇಲ್ಲ ಅನ್ನುವವರು ಇದ್ದಾರಲ್ವಾ, ಹಾಗಾಗಿ ಇದರ ನೋವು ಬಿಡಿಸಿ ಹೇಳಬೇಕಿಲ್ಲ. ಯುದ್ಧದಿಂದ ವಾಪಸ್ ಬಂದಾಗ ತಮ್ಮ ಸಂಸಾರಕ್ಕೆ ತಾವು ಬಯಸಿದ ಕಡೆ ಮನೆ ಸಿಗಲಿಲ್ಲ ಅಂತ ಬ್ರೂಕ್ ಸದನದಲ್ಲೇ ಹೇಳಿದರು. ವಿರೋಧಿಗಳು ಚರ್ಚೆ ಮುಗಿಯದಂತೆ ಎಳೆದರು. ಚರ್ಚೆ ನಿಲ್ಲಿಸಿ ಓಟಿಗೆ ಹಾಕೋಕೆ ಆಗ ಮೂರರಲ್ಲಿ ಎರಡು ಪಾಲು ಬೆಂಬಲ ಬೇಕಿತ್ತು. ಮೂರು ಸಲ ಸೋತರು. ಅಷ್ಟರಲ್ಲಿ ಕರ್ನರ್ ಆಯೋಗದ ವರದಿ ಹೊರಬಂತು. ಹಿಂದಿನ ವರ್ಷದ ನಗರ ಗಲಭೆಗಳಿಗೆ ಕಾರಣ ಹುಡುಕಲು ಅಧ್ಯಕ್ಷ ಜಾನ್ಸನ್ ನೇಮಿಸಿದ ಆಯೋಗ ಅದು, ಬ್ರೂಕ್ ಅದರ 11 ಸದಸ್ಯರಲ್ಲೊಬ್ಬರು. ಮನೆ ವಿಷಯದಲ್ಲಿ ಭೇದ ನಿಲ್ಲಿಸುವ ಕಾನೂನು ಬೇಕು ಅಂತ ಅದೂ ಹೇಳಿತ್ತು. ಮಾರ್ಚ್ 4ರಂದು ನಾಲ್ಕನೇ ಪ್ರಯತ್ನ: 65 ಪರ, 32 ವಿರುದ್ಧ. ಲೆಕ್ಕ ಹಾಕಿ ನೋಡಿ, ಒಂದೇ ಒಂದು ಓಟು ಆಚೆ ಹೋಗಿದ್ದರೂ ಬೀಳುತ್ತಿತ್ತು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ ಆಯಿತು, 10ರಂದು ಕೆಳಮನೆ ಒಪ್ಪಿತು, 11ಕ್ಕೆ ಜಾನ್ಸನ್ ಸಹಿ ಹಾಕಿದರು.

ಓಟು ಗಿಟ್ಟಿಸೋಕೆ ಕಾನೂನಿನ ಹಲ್ಲು ಕಿತ್ತಿದ್ದೂ ನಿಜ. ದೂರು ಬಂದರೆ ಕೇಂದ್ರದ ವಸತಿ ಇಲಾಖೆ ರಾಜಿ ಮಾಡಿಸಬಹುದಿತ್ತು ಅಷ್ಟೇ. ಇಲಾಖೆಗೆ ಬಲ ಬಂದಿದ್ದು 1988ರ ತಿದ್ದುಪಡಿಯಲ್ಲಿ, ಅಂದರೆ 20 ವರ್ಷ ಬಿಟ್ಟು.

ನನಗೆ ಇದಕ್ಕಿಂತ ಇಷ್ಟವಾದದ್ದು ಬ್ರೂಕ್ 1969ರಲ್ಲಿ ಮಾಡಿಸಿದ ಒಂದು ಸಣ್ಣ ನಿಯಮ. ಅಲ್ಲಿ ಬಡವರಿಗೆ ಸರ್ಕಾರ ಕಟ್ಟಿಸಿದ ಬಾಡಿಗೆ ಮನೆಗಳಿವೆ. ಖರ್ಚು ಏರಿದ ಹಾಗೆಲ್ಲ ಬಾಡಿಗೆ ಏರಿಸುತ್ತಾ ಹೋದರು. ಸೇಂಟ್ ಲೂಯಿಸ್ ನಗರದಲ್ಲಿ ಆ ವರ್ಷ ಬಾಡಿಗೆದಾರರು ತಿಂಗಳುಗಟ್ಟಲೆ ಬಾಡಿಗೆ ಕೊಡದೆ ಮುಷ್ಕರ ಹೂಡಿದರು. ಬ್ರೂಕ್ ತಂದ ತಿದ್ದುಪಡಿಯಲ್ಲಿ ಭಾಷಣ ಇಲ್ಲ, ಒಂದು ಅಂಕಿ ಇದೆ: ಕುಟುಂಬದ ಆದಾಯದ 25%. ತಿಂಗಳಿಗೆ 200 ಡಾಲರ್ ಬರುವ ಮನೆಯಿಂದ 50 ಡಾಲರ್‌ಗಿಂತ ಜಾಸ್ತಿ ಬಾಡಿಗೆ ಕೇಳುವ ಹಾಗಿಲ್ಲ. ಯಾರು ಬೇಕಾದರೂ ಲೆಕ್ಕ ಹಾಕಬಹುದು, ಯಾವ ಅಧಿಕಾರಿಯೂ ಬೇರೆ ಅರ್ಥ ಹಚ್ಚೋಕೆ ಆಗಲ್ಲ. ಕೋರ್ಟಿನಲ್ಲಿ ನಿಲ್ಲುವಂಥ ವಾಕ್ಯ ಹೇಗಿರಬೇಕು ಅಂತ ಗೊತ್ತಿದ್ದವರ ಕೈಬರಹ ಇದು. ಮಿತಿ 1981ರಲ್ಲಿ 30%ಗೆ ಏರಿತು, ನಿಯಮ ಇವತ್ತಿಗೂ ಅವರ ಹೆಸರಿನಲ್ಲೇ ಇದೆ.

ಪಕ್ಷದ ವಿಷಯದಲ್ಲೂ ಅವರು ವಕೀಲರ ಹಾಗೇ ನಡೆದುಕೊಂಡರು. ನಿಕ್ಸನ್ ಅವರದೇ ಪಕ್ಷದ ಅಧ್ಯಕ್ಷರು, ಆದರೂ ಸುಪ್ರೀಂ ಕೋರ್ಟಿಗೆ ನಿಕ್ಸನ್ ಸೂಚಿಸಿದ ಹೇನ್ಸ್‌ವರ್ತ್, ಕಾರ್ಸ್‌ವೆಲ್ ಇಬ್ಬರನ್ನೂ ವಿರೋಧಿಸಿದರು. ಇಬ್ಬರೂ ಸೆನೆಟ್‌ನಲ್ಲಿ ಸೋತರು. 1973ರ ಅಕ್ಟೋಬರ್‌ನಲ್ಲಿ ನಿಕ್ಸನ್ ಕಡೆಯವರೇ ಸಿಕ್ಕಿಕೊಂಡಿದ್ದ ವಾಟರ್‌ಗೇಟ್ ಹಗರಣದ ತನಿಖೆ ಮಾಡುತ್ತಿದ್ದ ವಿಶೇಷ ವಕೀಲರನ್ನು ಕಿತ್ತುಹಾಕಿ ಅಂತ ನಿಕ್ಸನ್ ದೇಶದ ಅಟಾರ್ನಿ ಜನರಲ್‌ಗೆ ಆದೇಶ ಕೊಟ್ಟಾಗ, ಆಗಲ್ಲ ಅಂತ ರಾಜೀನಾಮೆ ಕೊಟ್ಟವರು ಯಾರು ಗೊತ್ತಾ? ಎಲಿಯಟ್ ರಿಚರ್ಡ್‌ಸನ್. ಹನ್ನೊಂದು ವರ್ಷದ ಹಿಂದೆ ಬ್ರೂಕ್ ಎದುರು ಟಿಕೆಟ್ ಕಳೆದುಕೊಂಡವರು, ಬ್ರೂಕ್ ಸೆನೆಟ್‌ಗೆ ಹೋದಾಗ ಅವರು ಬಿಟ್ಟ ಮ್ಯಾಸಚೂಸೆಟ್ಸ್ ಅಟಾರ್ನಿ ಜನರಲ್ ಕುರ್ಚಿಗೆ ಬಂದವರು. ಎರಡು ವಾರದ ನಂತರ, ನವೆಂಬರ್ 4ರಂದು, ನಿಕ್ಸನ್ ರಾಜೀನಾಮೆ ಕೊಡಲಿ ಅಂತ ಬ್ರೂಕ್ ಬಹಿರಂಗವಾಗಿ ಹೇಳಿದರು. ಹಾಗೆ ಹೇಳಿದ ಮೊದಲ ರಿಪಬ್ಲಿಕನ್ ಸೆನೆಟರ್ ಅವರು.

ಕೊನೆಗೆ ಅವರನ್ನು ಕೆಡವಿದ್ದು ಪ್ರಮಾಣ ಮಾಡಿ ಹೇಳಿದ ಒಂದು ಮಾತೇ. ವಿಚ್ಛೇದನದ ಕೇಸಿನಲ್ಲಿ ಒಂದು ಸಾಲದ ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದನ್ನು 1978ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಅಟಾರ್ನಿ ಜನರಲ್ ಆಗಿದ್ದವರ ಬಾಯಲ್ಲಿ ಅದು ಬಂದಿದ್ದನ್ನು ಜನ ಸುಮ್ನೆ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಆ ವರ್ಷದ ಚುನಾವಣೆಯಲ್ಲಿ ಪಾಲ್ ಸಾಂಗಸ್ ಎದುರು ಸೋತರು. ಎರಡು ಅವಧಿ, 12 ವರ್ಷ, ಅಲ್ಲಿಗೆ ಮುಗಿಯಿತು. 2009ರಲ್ಲಿ ಅಮೆರಿಕದ ಸಂಸತ್ತು (ಅಲ್ಲಿ ಅದನ್ನು ಕಾಂಗ್ರೆಸ್ ಅನ್ನುತ್ತಾರೆ) ಅವರಿಗೆ ಚಿನ್ನದ ಪದಕ ಕೊಟ್ಟಿತು, 2015ರ ಜನವರಿಯಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಹೊರಟ ಮೇಲೆ 14 ವರ್ಷ ಸೆನೆಟ್‌ನಲ್ಲಿ ಒಬ್ಬ ಕಪ್ಪು ಸದಸ್ಯರೂ ಇರಲಿಲ್ಲ. 1993ರಲ್ಲಿ ಇಲಿನಾಯ್ಸ್‌ನಿಂದ ಗೆದ್ದುಬಂದವರು ಕ್ಯಾರಲ್ ಮೋಸ್ಲೀ ಬ್ರೌನ್. ಅವರೂ ರಾಜಕೀಯಕ್ಕೆ ಮೊದಲು ಷಿಕಾಗೋದಲ್ಲಿ ಕೇಂದ್ರ ಸರ್ಕಾರದ ವಕೀಲರಾಗಿದ್ದವರೇ.