ಮಾದರಿ ಜೀವಿ: ಜೀಬ್ರಾ ಮೀನು ನೋಡಿ ನಮ್ಮನ್ನು ತಿಳಿಯುವುದು

'ಮಾದರಿ ವಿದ್ಯಾರ್ಥಿ', 'ಮಾದರಿ ಗ್ರಾಮ' ಅಂದರೆ ಉಳಿದವರು ನೋಡಿ ಕಲಿಯಬೇಕಾದದ್ದು. ಜೀವಶಾಸ್ತ್ರದ 'ಮಾದರಿ ಜೀವಿ' ಹಾಗಲ್ಲ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡ್ತೇವಲ್ಲ, ಅದಕ್ಕೆ ಇದು ಹತ್ತಿರ. ಒಂದು ಜೀವಿಯನ್ನು ಚೆನ್ನಾಗಿ ಅರಿತು, ಅದರಿಂದ ಬೇರೆ ಜೀವಿಗಳ ಮೈಯೊಳಗೆ ಏನು ನಡೆಯುತ್ತದೆ ಎಂದು ತಿಳಿಯುವುದು. ಇಲಿ, ಹಣ್ಣಿನ ನೊಣ, ಯೀಸ್ಟ್ ಎಲ್ಲವೂ ಇಂಥವೇ. ಇವುಗಳಲ್ಲಿ ನನಗೆ ಜಾಸ್ತಿ ಇಷ್ಟ ಜೀಬ್ರಾ ಮೀನು.

ಇದು ನಮ್ಮ ಕಡೆಯದೇ ಮೀನು. ಭಾರತ, ನೇಪಾಳ, ಬಾಂಗ್ಲಾದೇಶದ ಹಳ್ಳಗಳಲ್ಲಿ, ಗದ್ದೆಯ ನೀರಿನಲ್ಲಿ ಸಿಗುತ್ತದೆ. ಉದ್ದ ಮೂರ್ನಾಲ್ಕು ಸೆಂಟಿಮೀಟರ್, ಮೈಮೇಲೆ ನೀಲಿ ಪಟ್ಟೆ. 1822ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ತೀರಿಕೊಂಡ ಮರುವರ್ಷ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದಿಟ್ಟ ಬುಕಾನನ್ ಇವರೇ, ಹ್ಯಾಮಿಲ್ಟನ್ ಎಂಬ ಹೆಸರು ಆಮೇಲೆ ಇಟ್ಟುಕೊಂಡದ್ದು! ವಂಶವಾಹಿ, ಅಂದರೆ ಜೀನ್, ಸಂಶೋಧನೆಗೆ ಈ ಮೀನನ್ನು ಅಣಿಗೊಳಿಸಿದವರು ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್. ಅವರ ದೊಡ್ಡ ಪ್ರಬಂಧ ಬಂದದ್ದು 1981ರಲ್ಲಿ.

ಈ ಮೀನೇ ಯಾಕೆ? ಮೊಟ್ಟೆ ನೋಡಿದರೆ ಗೊತ್ತಾಗುತ್ತದೆ. ಬೆಳಗಾಗುತ್ತಲೇ ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಒಂದೊಂದೂ ಸಣ್ಣ ಸಾಸಿವೆ ಕಾಳಿನಷ್ಟು, ಗಾಜಿನ ಹಾಗೆ ತಿಳಿ. ಮರಿ ಬೆಳೆಯುವುದು ತಾಯಿಯ ಹೊಟ್ಟೆಯೊಳಗಲ್ಲ, ಹೊರಗೆ ನೀರಿನಲ್ಲಿ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮುಕ್ಕಾಲು ಗಂಟೆಗೆ ಒಂದು ಜೀವಕೋಶ ಎರಡಾಗುತ್ತದೆ. ಆಮೇಲೆ ಸುಮಾರು ಕಾಲು ಗಂಟೆಗೊಮ್ಮೆ ನಾಲ್ಕು, ಎಂಟು, ಹದಿನಾರು. ಮರುದಿನ ನೋಡಿದರೆ ಹೃದಯ ಪಟಪಟ ಬಡಿಯುತ್ತಿರುತ್ತದೆ! ರಕ್ತದ ಕಣಗಳು ಸಾಲಾಗಿ ಓಡುವುದೂ ಕಾಣುತ್ತದೆ. ಏನನ್ನೂ ಕೊಯ್ಯಬೇಕಿಲ್ಲ, ಸುಮ್ನೆ ನೋಡುತ್ತಾ ಕೂತರೆ ಸಾಕು.

ಆದರೆ ಮೀನೂ ನಾವೂ ಒಂದೇ ಪಾತ್ರೆಯ ಅಗುಳಾ? ಬಹುಪಾಲು ಹೌದು. ಈ ಮೀನಿನ ಜೀನೋಮ್, ಅಂದರೆ ಅದರ ಜೀನ್‌ಗಳೆಲ್ಲ ಸೇರಿದ ಪೂರ್ತಿ ಬರಹ, 2013ರಲ್ಲಿ ಪ್ರಕಟವಾಯಿತು. ಮನುಷ್ಯರ ಜೀನ್‌ಗಳಲ್ಲಿ ಸುಮಾರು ಶೇ. 70ಕ್ಕೆ ಅದರಲ್ಲಿ ಜೋಡಿ ಸಿಕ್ಕಿತು. ಅದಕ್ಕೂ ಮೊದಲು, 2005ರಲ್ಲಿ, ಒಂದು ಸೊಗಸಾದ ಪರೀಕ್ಷೆ ನಡೆದಿತ್ತು. 'ಗೋಲ್ಡನ್' ಎಂಬ ತಳಿಯ ಮೀನಿನ ಪಟ್ಟೆ ಮಾಸಲು. ಅದಕ್ಕೆ ಕಾರಣ ಕೆಟ್ಟುಹೋದ ಒಂದೇ ಒಂದು ಜೀನ್. ಅದೇ ಜೀನ್‌ನ ಮನುಷ್ಯರ ಆವೃತ್ತಿಯಿಂದ ಬಂದ ಆರ್‌ಎನ್‌ಎಯನ್ನು (ಜೀನ್‌ನ ಸಂದೇಶ ಹೊರುವ ಪ್ರತಿಯನ್ನು) ಗೋಲ್ಡನ್ ಭ್ರೂಣಕ್ಕೆ ಚುಚ್ಚಿದರು. ಕಪ್ಪು ಬಣ್ಣ ಮರಳಿ ಬಂತು! ಮುಂದೆ ನೋಡಿದರೆ, ಮನುಷ್ಯರ ಚರ್ಮ ಬೆಳ್ಳಗೋ ಕಪ್ಪಗೋ ಎನ್ನುವುದರಲ್ಲೂ ಈ ಜೀನ್‌ನ ಕೈವಾಡ ಇದೆ. ನಮ್ಮ ದೇಶದವರಲ್ಲೂ ಇದೆ. ಮೈಬಣ್ಣದ ಬಗ್ಗೆ ನಮ್ಮಲ್ಲಿ ಎಷ್ಟು ಮಾತು, ಎಷ್ಟು ನೋವು, ಅಲ್ವಾ? ಅದರ ಒಂದು ಎಳೆ ಸಿಕ್ಕಿದ್ದು ಮೀನಿನ ಪಟ್ಟೆಯಲ್ಲಿ.

ಎಲ್ಲವೂ ಹೊಂದುವುದಿಲ್ಲ, ನಿಜ. ಮೀನಿಗೆ ಶ್ವಾಸಕೋಶವಿಲ್ಲ, ಹೃದಯಕ್ಕೆ ಎರಡೇ ಕೋಣೆ. ಮೀನಿನಲ್ಲಿ ಕೆಲಸ ಮಾಡಿದ ಔಷಧಿ ನಮ್ಮಲ್ಲಿ ಮಾಡದೇ ಇರಬಹುದು. ಆದರೆ ಕೆಲವೊಮ್ಮೆ ಆ ವ್ಯತ್ಯಾಸವೇ ಬೇಕಾಗುತ್ತದೆ. ಈ ಮೀನಿನ ಹೃದಯದ ಕೆಳಕೋಣೆಯಲ್ಲಿ ಐದನೇ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ ಎಂದು 2002ರಲ್ಲಿ ತಿಳಿಯಿತು. ಹೃದಯಾಘಾತವಾದ ಮನುಷ್ಯರಲ್ಲಿ ಆ ಜಾಗದಲ್ಲಿ ಉಳಿಯುವುದು ಗಾಯದ ಕಲೆ ಮಾತ್ರ. ಮೀನಿನ ಜೀವಕೋಶ ಮತ್ತೆ ಹೇಗೆ ಒಡೆದು ಎರಡಾಗುತ್ತದೆ, ನಮ್ಮದು ಯಾಕೆ ಸುಮ್ಮನಾಗುತ್ತದೆ? ಹಲವು ಲ್ಯಾಬ್‌ಗಳು ಇವತ್ತಿಗೂ ಅದನ್ನೇ ಹುಡುಕುತ್ತಿವೆ.